ಬಾಯಿಗೆ ಹಿಡಿಸದ ತುತ್ತು

ನಾನು ಒಂದು ಪಿಸ್ತೂಲು. ಹೆದರಬೇಡಿ, ಕೂತುಕೊಳ್ಳಿ. ನನ್ನ ಹೊಟ್ಟೆ ಖಾಲಿ ಇದೆ. ಆಯುಷ್ಯದ ಬಹುಪಾಲು ಅದು ಖಾಲಿಯೇ ಇತ್ತು. ಯಾಕೆ ಖಾಲಿ ಇತ್ತು ಅನ್ನುವುದೇ ನನ್ನ ಕಥೆ.

ನಾನು ಹುಟ್ಟಿದ್ದು ಒಂದು ಸರಕಾರಿ ಕಾರ್ಖಾನೆಯಲ್ಲಿ. ಉಕ್ಕನ್ನು ಕೊರೆದರು, ತಿರುವಿದರು, ಉಜ್ಜಿದರು. ಕೊನೆಗೆ ಕನ್ನಡಕದ ಹೆಂಗಸೊಬ್ಬಳು ನನ್ನನ್ನು ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿ, ತೃಪ್ತಿಯಿಂದ ತಲೆಯಾಡಿಸಿದಳು. ನನ್ನನ್ನು ಮೆಚ್ಚಿದ ಮೊದಲ ಜೀವ ಅವಳೇ. ನನ್ನ ಪಕ್ಕೆಯ ಮೇಲೆ ಮೂವತ್ತೆರಡು ಎಂದು ಅಚ್ಚು ಹಾಕಿದರು. ಅದು ನನ್ನ ಬಾಯಿಯ ಅಳತೆ, ನಮ್ಮವರ ಭಾಷೆಯಲ್ಲಿ ಬೋರು. ಕಿರುಬೆರಳೂ ತೂರದಷ್ಟು ಚಿಕ್ಕ ಬಾಯಿ. ಆ ಅಂಕಿಯಲ್ಲೇ ನನ್ನ ಹಣೆಬರಹ ಅಡಗಿದೆ ಎಂದು ಆಗ ನನಗೇನು ಗೊತ್ತು?

ಅಲ್ಲಿಂದ ಹುಬ್ಬಳ್ಳಿಗೆ ಬಂದೆ, ನದಾಫ ಸಾಹೇಬರ ಬಂದೂಕಿನ ಅಂಗಡಿಗೆ. ಸಾಹೇಬರು ಹಿರಿಯರು, ಮಾತು ಕಡಿಮೆ. ಗಿರಾಕಿ ಬಂದರೆ ಮೊದಲು ಚಹಾ ತರಿಸುತ್ತಾರೆ, ಆಮೇಲೆ ಕೈ ನೋಡುತ್ತಾರೆ. ಭವಿಷ್ಯ ಹೇಳುವುದಕ್ಕಲ್ಲ, ಆ ಕೈಗೆ ಏನು ಹಿಡಿಸುತ್ತದೆ ಎಂದು ತಿಳಿಯುವುದಕ್ಕೆ.

ಒಂದು ದಿನ ಅನ್ನಪೂರ್ಣಕ್ಕ ಬಂದಳು. ಹಾವೇರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅವಳದೊಂದು ಪೆಟ್ರೋಲ್ ಬಂಕ್. ಅಪ್ಪನಿಂದ ಬಂದದ್ದು, ನಡೆಸುವುದೆಲ್ಲ ಅವಳೇ. ಐವತ್ತು ದಾಟಿದ ಗಟ್ಟಿ ಹೆಂಗಸು. ಆದರೆ ಬಲಗೈ ಮಣಿಕಟ್ಟು ಸ್ವಲ್ಪ ಸೊಟ್ಟ. ಹಿಂದಿನ ವರ್ಷ ಬಂಕಿಗೆ ನುಗ್ಗಿದ ಕಳ್ಳರು ಕಬ್ಬಿಣದ ರಾಡಿನಿಂದ ಹೊಡೆದು ಮುರಿದದ್ದು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಹೊತ್ತು ಮುಳುಗಿದರೆ ಹಣದ ಗಲ್ಲೆಯ ಮುಂದೆ ಕೂರುವುದಕ್ಕೂ ಆಗುತ್ತಿರಲಿಲ್ಲ. ಬಂಕು ಮಾರಿಬಿಡುವ ಮಾತೂ ಬಂದಿತ್ತಂತೆ. ಅದಕ್ಕೇ ಲೈಸೆನ್ಸು ಮಾಡಿಸಿಕೊಂಡು ಬಂದಿದ್ದಳು.

ಜೊತೆಗೆ ಇಬ್ಬರು. ಒಬ್ಬ ಅವಳ ಅಣ್ಣ ವೀರನಗೌಡ, ಸೈನ್ಯದಿಂದ ನಿವೃತ್ತಿಯಾದವನು. ಇನ್ನೊಬ್ಬರು ಗಂಡ ಗುರುಪಾದಪ್ಪ ಮಾಸ್ತರರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ಅಂಗಡಿಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ನಮ್ಮ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಕೊಡಿ, ಹೊಡೆದರೆ ಆನೆ ಬೀಳಬೇಕು ಅಂದ ಅಣ್ಣ. ಹೆದ್ದಾರಿಯಲ್ಲಿ ಆನೆ ಬರುವುದಿಲ್ಲವಲ್ಲ ಗೌಡ್ರೇ ಅಂದರು ಸಾಹೇಬರು. ಪೊಲೀಸರ ದೊಡ್ಡ ಬೋರು ಜನಸಾಮಾನ್ಯರಿಗೆ ಸಿಗುವುದಿಲ್ಲ ಎಂದು ತಿಳಿಸಿ, ಮೇಜಿನ ಗಾಜಿನ ಮೇಲೆ ನಮ್ಮ ಮೂವರನ್ನು ಇಟ್ಟರು. ಮೊದಲನೆಯದು ರಿವಾಲ್ವರ್. ಅದರ ಕುದುರೆ, ಅಂದರೆ ಟ್ರಿಗರ್, ಎಳೆಯಲು ಅನ್ನಪೂರ್ಣಕ್ಕನ ಮುರಿದ ಕೈ ಸೋತಿತು. ಎರಡನೆಯದು ಇಪ್ಪತ್ತೆರಡರ ಬೋರಿನದು. ಹಗುರ, ಪಾಪದ್ದು. ಆದರೆ ಅದರ ತೋಟಾ ಒಮ್ಮೊಮ್ಮೆ ಬೆಂಕಿ ಹಿಡಿಯದೆ ಕೈಕೊಡುತ್ತದೆ, ಜೀವ ಉಳಿಸಿಕೊಳ್ಳಲು ಅದನ್ನು ನೆಚ್ಚಿಕೊಳ್ಳಬೇಡಿ ಎಂದರು. ಮೂರನೆಯವನು ನಾನು. ಗುಂಡು ಹಾರಿಸುವ ಮೊದಲು ನನ್ನ ಮೇಲ್ಭಾಗವನ್ನು ಹಿಂದಕ್ಕೆ ಸರಿಸಬೇಕು. ಅವಳು ಎಳೆದಳು, ನಾನು ಜಗ್ಗಲಿಲ್ಲ. ಮತ್ತೆ ಎಳೆದಳು. ಕಣ್ಣಲ್ಲಿ ನೀರು ಬಂತು.

"ಎಳೀಬ್ಯಾಡ್ರಿ ಅಕ್ಕಾರ," ಅಂದರು ಸಾಹೇಬರು. "ಎಡಗೈಲೆ ಮ್ಯಾಲಿಂದು ಗಟ್ಟಿ ಹಿಡೀರಿ. ಬಲಗೈಲೆ ಹಿಡಿಕೀನ ಮುಂದಕ್ಕ ದೂಡ್ರಿ."

ದೂಡಿದಳು. ನಾನು ಸಲೀಸಾಗಿ ತೆರೆದುಕೊಂಡೆ. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಬಂದಿರಬೇಕು, ಯಾಕೆಂದರೆ ಮಾಸ್ತರರು ಕ್ಯಾಲೆಂಡರ್ ಬಿಟ್ಟು ಆ ನಗುವನ್ನೇ ನೋಡುತ್ತ ಕೂತರು.

ಇನ್ನು ತೋಟಾ. ಗಟ್ಟಿ ಮೂತಿಯದು ಆಳು ದಾಟಿ ಆಚೆಯೂ ಹೋಗುತ್ತದೆ, ಮೆತ್ತನೆ ಮೂತಿಯದು ಹೆಚ್ಚಾಗಿ ಒಳಗೇ ನಿಲ್ಲುತ್ತದೆ, ಆದರೂ ಯಾವುದರ ಮೇಲೂ ಆಣೆ ಹಾಕಿ ಹೇಳಲಾಗದು ಎಂದು ಸಾಹೇಬರು ಬಿಡಿಸಿ ಹೇಳಿದರು. ಮೂವತ್ತೆರಡು ಎನ್ನುವ ಹೆಸರಿನವರು ಇಬ್ಬರಿದ್ದಾರೆ, ಒಂದೇ ಓಣಿಯಲ್ಲಿ ಇಬ್ಬರು ಬಸಪ್ಪ ಇದ್ದ ಹಾಗೆ, ಎಂದೂ ಎಚ್ಚರಿಸಿದರು. ರಿವಾಲ್ವರಿನದು ಉದ್ದ, ಬುಡದಲ್ಲಿ ಅಂಚು ಹೊರಗೆ ಚಾಚಿರುತ್ತದೆ. ಪಿಸ್ತೂಲಿನದು ಗಿಡ್ಡ. ಕೇಳುವಾಗ ಪಿಸ್ತೂಲಿನದು ಎಂದೇ ಕೇಳಬೇಕು. ಆಮೇಲೆ, ಬಂಕಿನಲ್ಲಿ ಯಾವ ಕಡೆ ಮುಖ ಮಾಡಿ ಕೂರುತ್ತೀರಿ, ಎದುರಿಗೆ ಏನಿದೆ ಎಂದು ಕೇಳಿದರು. ಬಾಗಿಲು, ಬಾಗಿಲಾಚೆ ಪೆಟ್ರೋಲು ಅಂದಳು ಅವಳು. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು.

"ಗುಂಡು ಹಾರೂದು ಸಣ್ಣ ಮಾತು ರೀ. ಎಲ್ಲಿ ಹೋಗಿ ನಿಲ್ಲತೈತಿ ಅನ್ನೂದು ದೊಡ್ಡ ಮಾತು."

ಅಂಗಡಿಯಲ್ಲಿ ನನಗೆ ಹಿಡಿಸುವ ತೋಟಾ ಸ್ವಲ್ಪವೇ ಇತ್ತು. ಅದೆಲ್ಲ ಅಭ್ಯಾಸದಲ್ಲಿ ಮುಗಿಯಿತು. ಅವಳ ಗುರಿ ಚೆನ್ನಾಗಿತ್ತು, ಹೆಮ್ಮೆಯಿಂದ ಹೇಳುತ್ತೇನೆ. ಹೊಸ ಮಾಲು ಬರುವ ತನಕ ತಡೆಯಲಾರದೆ ಅವಳು ಬೇರೊಂದು ಊರಿನ ಅಂಗಡಿಗೆ ಹೋದಳು. ಮೂವತ್ತೆರಡರ ತೋಟಾ ಕೊಡಿ ಅಂದಳು. ಅವನು ಕೊಟ್ಟ. ಇವಳು ತಂದಳು.

ಡಬ್ಬಿ ಮೇಜಿನ ಮೇಲೆ ಇಟ್ಟ ಕೂಡಲೇ ಆ ಸಪ್ಪಳದಿಂದಲೇ ನನಗೆ ಗೊತ್ತಾಯಿತು. ಅವರು ನಮ್ಮ ಮನೆತನದವರಲ್ಲ! ರಿವಾಲ್ವರಿನ ಉದ್ದನೆಯ ತೋಟಾಗಳು. ಹೆಸರಿಗೆ ಅನ್ನಪೂರ್ಣೆ, ನನಗೆ ತಂದದ್ದು ಮಾತ್ರ ಬಾಯಿಗೆ ಹಿಡಿಸದ ತುತ್ತು. ಕೂಗಿ ಹೇಳೋಣವೆಂದರೆ, ನಮ್ಮ ಬಾಯಿ ಮಾತಾಡುವ ಬಾಯಲ್ಲವಲ್ಲ. ಅವಳಾದರೂ ತುಂಬಿ ನೋಡಿದಳೇ? ಇಲ್ಲ. ತುಂಬಿದ ಪಿಸ್ತೂಲು ಇರುವ ಕೋಣೆಯಲ್ಲಿ ತಾನು ನೀರೂ ಕುಡಿಯುವುದಿಲ್ಲ ಎಂದು ಮಾಸ್ತರರು ಹಟ ಹಿಡಿದಿದ್ದರು. ಹಾಗಾಗಿ ನಾನು ಬಂಕಿನ ಆಫೀಸಿನ ಮೇಲಿನ ಖಾನೆಯಲ್ಲಿ, ಡಬ್ಬಿ ಕೆಳಗಿನ ಖಾನೆಯಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ.

ಆದರೆ ಒಂದು ಮಾತು ಒಪ್ಪಬೇಕು. ಅಂದಿನಿಂದ ಅನ್ನಪೂರ್ಣಕ್ಕ ಮೊದಲಿನಂತಾದಳು. ಹೊತ್ತು ಮುಳುಗಿದರೂ ಗಲ್ಲೆ ಬಿಡಲಿಲ್ಲ. ಲಾರಿ ಡ್ರೈವರುಗಳನ್ನು ಗದರಿಸಿದಳು, ಗಾಳಿ ಹಾಕುವವನ ಜೊತೆ ನಕ್ಕಳು. ಈಗ ಮನೆಯಲ್ಲಿ ಗೊರಕೆ ಹೊಡೆಯುತ್ತಾಳೆ ಎಂದು ಮಾಸ್ತರರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ದೂರು ಹೇಳುವ ದನಿಯಲ್ಲಿ ಅಲ್ಲ. ಇತ್ತ ನಾನು ಮಾತ್ರ ಖಾನೆಯಲ್ಲಿ ಬಿದ್ದು ಒದ್ದಾಡುತ್ತಿದ್ದೆ. ಇವಳು ನಂಬಿಕೊಂಡು ಕೂತಿರುವುದು ನನ್ನನ್ನು. ನಾನೋ ಹಲ್ಲಿಲ್ಲದ ನಾಯಿ.

ಖಂಡೇನವಮಿ ಬಂತು. ನಮ್ಮ ಕಡೆ ಆಯುಧಪೂಜೆಗೆ ಹೀಗನ್ನುತ್ತಾರೆ. ಪೂಜೆಯ ಏರ್ಪಾಡು ಮಾಸ್ತರರದು. ಅವಳು ಖಾನೆಗಳ ಬೀಗ ತೆಗೆದುಕೊಟ್ಟು ಹೂವು ತರಲು ಹೋದಳು. ಮಾಸ್ತರರು ಹಲಗೆಯ ಮೇಲೆ ಪೆಟ್ರೋಲ್ ಪೈಪಿನ ಮೂತಿ, ಪಾನಾಗಳು, ನಾನು, ತೋಟಾ ತುಂಬುವ ನನ್ನ ಮ್ಯಾಗಜೀನ್, ತೋಟಾಗಳು ಎಲ್ಲ ಜೋಡಿಸಿದರು. ಚಿತ್ರಕಲೆಯ ಕಣ್ಣಲ್ಲವೇ, ಅಳತೆ ಹೊಂದುತ್ತಿಲ್ಲ ಅನ್ನಿಸಿರಬೇಕು. ಒಂದು ತೋಟಾ ಎತ್ತಿದರು. ಮ್ಯಾಗಜೀನಿನ ಬಾಯಿಗೆ ಹಿಡಿದರು. ಹೋಗಲಿಲ್ಲ. ತಿರುಗಿಸಿ ಹಿಡಿದರು. ಹೋಗಲಿಲ್ಲ. ಅಬ್ಬಾ, ಗೊತ್ತಾಯಿತಲ್ಲ, ಬದುಕಿದೆವು ಅಂದುಕೊಂಡೆ. ಅಷ್ಟರಲ್ಲಿ ಅವಳು ಬಂದಳು. ಮಾಸ್ತರರು ತೋಟಾವನ್ನು ಹಲಗೆಯ ಮೇಲಿಟ್ಟು, ಅದಕ್ಕೊಂದು ಹೂವು ಏರಿಸಿ, ನನಗೆ ಕುಂಕುಮ ಹಚ್ಚಿ, ಆರತಿ ಎತ್ತಿದರು. ಒಂದು ಮಾತು ಆಡಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಂಡತಿಯ ಜೀವದ ಪ್ರಶ್ನೆ, ಈ ಪುಕ್ಕಲನಿಗೆ ಬಾಯಿ ಬರುವುದಿಲ್ಲವೇ! ಮರುದಿನದಿಂದ ಇನ್ನೊಂದು ಹೊಸ ಚಟ ಶುರುವಾಯಿತು. ಸಂಜೆಯಾದರೆ ಮಾಸ್ತರರು ಬಂಕಿಗೆ ಬಂದು ಆಫೀಸಿನ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕೈಯಲ್ಲಿ ಪೇಪರು, ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಮಳೆಯಿರಲಿ, ಚಳಿಯಿರಲಿ ಬರುವರು. ಮನೆಯಲ್ಲಿ ಬೇಸರ ಅನ್ನುತ್ತಿದ್ದರು. ಮನೆಯಲ್ಲಿ ಟೀವಿ ನೋಡಬಾರದೇ, ಇಲ್ಲಿ ಚಹಾ ಕುಡಿಯಲು ಬರುತ್ತೀರಾ ಎಂದು ಅವಳು ಹಂಗಿಸಿದರೆ ನಗುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಚುನಾವಣೆ ಬಂದಾಗ ಊರಿನ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ನನ್ನನ್ನೂ ಒಯ್ದರು. ನನ್ನ ಪಕ್ಕದಲ್ಲಿ ಯಾವುದೋ ಕೇಸಿಗೆ ಸಿಕ್ಕು ವರ್ಷಗಳಿಂದ ಬಿದ್ದಿದ್ದ ಜೋಡಿನಳಿಗೆಯ ಹಳೆ ಬಂದೂಕು. ನಾನು ನನ್ನ ಗೋಳು ತೋಡಿಕೊಂಡೆ, ತಪ್ಪು ತುತ್ತಿನ ಕಥೆ ಹೇಳಿದೆ. ಅದು ನಗಬಹುದು ಎಂದುಕೊಂಡಿದ್ದೆ.

"ನನಗ ಬರೋಬ್ಬರಿ ತುತ್ತು ಸಿಕ್ಕಿತ್ತು ತಮ್ಮಾ," ಅಂದಿತು. "ಅಣ್ಣತಮ್ಮರ ಹೊಲದ ಜಗಳದಾಗ."

ಚುನಾವಣೆ ಮುಗಿಯಿತು.

ಮರಳಿ ಖಾನೆ ಸೇರಿದೆ. ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಟ್ಯಾಂಕರಿನಿಂದ ಪೆಟ್ರೋಲು ಇಳಿಸುತ್ತಿದ್ದರು. ಮಾರಾಟ ನಿಂತಿತ್ತು, ಕೆಲಸದವರೆಲ್ಲ ಟ್ಯಾಂಕರಿನ ಹಿಂದೆ. ಮಾಸ್ತರರು ಮುಖ ತೊಳೆಯಲು ನಲ್ಲಿಯ ಕಡೆ ಹೋಗಿದ್ದರು. ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಬೈಕಿನ ಮೇಲೇ ಉಳಿದ. ಇನ್ನೊಬ್ಬ ಅಂಗಿಯೊಳಗಿನಿಂದ ಮಚ್ಚು ತೆಗೆಯುತ್ತ ಆಫೀಸಿನ ಕಡೆ ಬಂದದ್ದು ಅನ್ನಪೂರ್ಣಕ್ಕನಿಗೆ ಕಿಟಕಿಯಲ್ಲಿ ಕಂಡಿತು.

ಮೇಲಿನ ಖಾನೆ ತೆರೆದಳು, ಕೆಳಗಿನದು ತೆರೆದಳು. ಡಬ್ಬಿ ಮೇಜಿನ ಮೇಲೆ ಸುರಿದಳು. ಒಂದು ತೋಟಾ ಮ್ಯಾಗಜೀನಿಗೆ ಒತ್ತಿದಳು. ಹೋಗಲಿಲ್ಲ. ಇನ್ನೊಂದು ಒತ್ತಿದಳು. ಅದೂ ಹೋಗಲಿಲ್ಲ. ಅವಳು ತನ್ನ ಬೆರಳನ್ನೇ ಬೈದುಕೊಂಡಳು. ಅಯ್ಯೋ ತಾಯಿ, ತಪ್ಪು ನಿನ್ನ ಬೆರಳಿನದಲ್ಲ, ತೋಟಾದ್ದು ಎಂದು ನನ್ನ ಉಕ್ಕೆಲ್ಲ ಕೂಗುತ್ತಿತ್ತು. ಅವನು ಒಳಗೆ ಬಂದ. ಮೇಜಿನ ಮೇಲೆ ಉರುಳಿದ ತೋಟಾ ನೋಡಿದ, ಅವಳ ಕೈಯ ಖಾಲಿ ಪಿಸ್ತೂಲು ನೋಡಿದ, ನಕ್ಕ. ಗಲ್ಲೆಯ ಕೀಲಿ ಕೇಳಿ ಮಚ್ಚು ಎತ್ತಿದ.

ಆಗ ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಮಾಸ್ತರರು ಕಂಡರು. ಮುಖದಿಂದ ಇನ್ನೂ ನೀರು ಸೋರುತ್ತಿತ್ತು. ಕೈಯಲ್ಲಿ ಕೆಂಪು ಸಿಲಿಂಡರು. ಏಯ್ ಎಂದರು. ಅವನು ತಿರುಗಿದ. ಬುಸ್ಸೆಂದು ಬಿಳಿ ಪುಡಿ ಅವನ ಕಣ್ಣು ಮೂಗು ಬಾಯಿಗೆಲ್ಲ ನುಗ್ಗಿತು. ಅನ್ನಪೂರ್ಣಕ್ಕ ತಡಮಾಡಲಿಲ್ಲ. ನನ್ನನ್ನು ರುಬ್ಬುಗುಂಡಿನ ಹಾಗೆ ಎತ್ತಿ ಅವನ ಮಣಿಕಟ್ಟಿನ ಮೇಲೆ ಕುಟ್ಟಿದಳು. ಮಚ್ಚು ಬಿತ್ತು. ಟ್ಯಾಂಕರಿನ ಕಡೆಯಿಂದ ಜನ ಓಡಿ ಬಂದು ಅವನನ್ನು ಹಿಡಿದರು. ಬೈಕಿನವನು ಓಡಿಹೋದ. ಎಷ್ಟೆಲ್ಲ ಆರಿಸಿ ಅಳೆದು ತಂದ ಪಿಸ್ತೂಲು, ಕೊನೆಗೆ ಮಾಡಿದ್ದು ಅಡಿಗೆಮನೆಯ ಗುಂಡುಕಲ್ಲಿನ ಕೆಲಸ. ಆದರೆ ಚೆನ್ನಾಗಿ ಮಾಡಿದೆ.

ಪೊಲೀಸರು ಬಂದು ಹೋದ ಮೇಲೆ ಇಬ್ಬರೂ ಮೈಯೆಲ್ಲ ಬಿಳಿ ಪುಡಿ ಮಾಡಿಕೊಂಡು ಎದುರುಬದುರು ಕೂತರು. ಅವಳು ಮತ್ತೆ ಒಂದು ತೋಟಾ ಎತ್ತಿ, ನಿಧಾನವಾಗಿ ಮ್ಯಾಗಜೀನಿಗೆ ಹಿಡಿದು ನೋಡಿದಳು. ಮಾಸ್ತರರು ತಲೆ ತಗ್ಗಿಸಿದರು.

"ನಿಮಗ ಗೊತ್ತಿತ್ತು," ಅಂದಳು.

"ಹೂಂ. ಖಂಡೇನವಮಿ ದಿನ ನೋಡಿದ್ನಿ."

"ಗೊತ್ತಿದ್ದೂ ಸುಮ್ಮನಿದ್ರಿ?"

"ನೀ ಆಗಷ್ಟ ನಿದ್ದಿ ಮಾಡಾಕ ಹತ್ತಿದ್ದಿ, ಅನ್ನಪೂರ್ಣಾ. ಹೇಳಿದ್ರ ನಿನ್ನ ನಿದ್ದಿ ಹೋಗ್ತಿತ್ತು. ಖರೇ ತೋಟಾ ತಂದ್ರ ನನ್ನ ನಿದ್ದಿ ಹೋಗ್ತಿತ್ತು. ಅದಕ್ಕ ನಾನ ಬಂದು ಹೊರಗ ಕುಂತೆ."

ನನಗೆ ಮೈಯೆಲ್ಲ ತಣ್ಣಗಾಯಿತು. ಇಷ್ಟು ದಿನ ಈ ಮನುಷ್ಯನನ್ನು ಪುಕ್ಕಲ ಎಂದು ಬೈದೆನಲ್ಲ! ಅವಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ತನ್ನ ಜೀವ, ತನ್ನ ಪಿಸ್ತೂಲು, ತನಗೇ ಸುಳ್ಳು ಹೇಳಿದರಲ್ಲ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎದ್ದು ಹೋದವಳು ಎಷ್ಟೋ ದಿನ ಗಂಡನ ಜೊತೆ ಮಾತು ಬಿಟ್ಟಳು. ಮಾಸ್ತರರು ಮಾತ್ರ ಸಂಜೆಯಾದರೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

ಕೊನೆಗೆ ನನ್ನನ್ನು ತೆಗೆದುಕೊಂಡು ಒಬ್ಬಳೇ ನದಾಫ ಸಾಹೇಬರ ಅಂಗಡಿಗೆ ಬಂದಳು. ನಡೆದದ್ದೆಲ್ಲ ಹೇಳಿದಳು. ಸಾಹೇಬರು ಗಾಜಿನ ಮೇಲೆ ನನ್ನ ಮನೆತನದ ಗಿಡ್ಡ ತೋಟಾಗಳನ್ನು ಸಾಲಾಗಿ ಇಟ್ಟರು. ಅವಳು ಒಂದನ್ನು ಮ್ಯಾಗಜೀನಿಗೆ ಒತ್ತಿದಳು. ಟಕ್ ಎಂದು ಕೂತಿತು. ಎಷ್ಟು ತಿಂಗಳ ಹಸಿವು! ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಅದನ್ನೇ ನೋಡುತ್ತಿದ್ದಳು. ಚಹಾ ಆರಿತು.

"ಸಾಹೇಬ್ರ, ಗುಂಡು ಎಲ್ಲಿ ನಿಲ್ಲತೈತಿ ಅಂತ ಕೇಳಿದ್ರಿ. ಆವತ್ತು ಇದು ಇದ್ದಿದ್ರ ನಾ ಹೊಡಿತಿದ್ದೆ. ಕಳ್ಳನ ಹಿಂದ ಬಾಗಲದಾಗ ಇವರು ನಿಂತಿದ್ರು."

ತೋಟಾವನ್ನು ಹೊರತೆಗೆದು ಗಾಜಿನ ಮೇಲಿಟ್ಟಳು. ನನ್ನನ್ನು ಖಾಲಿ ಹೊಟ್ಟೆಯಲ್ಲೇ ಬಂಕಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅತ್ತಳು. ನನಗೂ ಹಸಿವಿನ ನೆನಪಾಗಲಿಲ್ಲ.

ಆ ವರ್ಷದ ಖಂಡೇನವಮಿಗೆ ಪೂಜೆ ಅವಳೇ ಮಾಡಿದಳು. ಪೈಪಿನ ಮೂತಿಗೆ ಕುಂಕುಮ ಹಚ್ಚಿದಳು. ಕೆಂಪು ಸಿಲಿಂಡರಿಗೆ ಹೂವಿನ ಹಾರ ಹಾಕಿದಳು. ನನ್ನ ಹಿಂಬದಿಗೆ ಬೆರಳೊತ್ತಿ ಕುಂಕುಮವಿಟ್ಟಳು. ಆಮೇಲೆ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಮಾಸ್ತರರು ಸ್ಟೂಲಿನ ಮೇಲೆ ಪೇಪರು ಓದುತ್ತಿದ್ದರು. ಅವರ ಕನ್ನಡಕ ತೆಗೆದು, ವಿಭೂತಿಯ ನಡುವೆ ದೊಡ್ಡದೊಂದು ಕುಂಕುಮ ಇಟ್ಟು, ಕಿವಿಗೆ ಚೆಂಡುಹೂವು ಸಿಕ್ಕಿಸಿ, ಆರತಿ ಎತ್ತಿದಳು.

"ಇದೇನ?" ಅಂದರು ಅವರು.

"ಖಂಡೇನವಮಿ. ಸುಮ್ಮ ಕುಂದರ್ರಿ. ಆಯುಧ ಮಾತಾಡಬಾರದು."

ಲೈಸೆನ್ಸಿನ ಅವಧಿ ಮುಗಿದಾಗ ಅವಳು ನವೀಕರಿಸಲಿಲ್ಲ. ನನ್ನನ್ನು ಸಾಹೇಬರಿಗೆ ಒಪ್ಪಿಸಿದಳು. ಈಗ ಅಂಗಡಿಯ ಒಳಕೋಣೆಯ ಕಪಾಟಿನಲ್ಲಿ ಮುಪ್ಪು ಕಳೆಯುತ್ತಿದ್ದೇನೆ. ಹೊಸ ಗಿರಾಕಿಗಳು ಬಂದು ಯಾವ ಬೋರು ಒಳ್ಳೆಯದು, ಯಾವ ತೋಟಾ ಒಳ್ಳೆಯದು ಎಂದು ಕೇಳುವುದು ಇಲ್ಲಿಗೂ ಕೇಳಿಸುತ್ತದೆ. ಸಾಹೇಬರು ತಿಳಿದಷ್ಟು ಹೇಳುತ್ತಾರೆ. ನನ್ನನ್ನು ಕೇಳಿದರೆ ಇನ್ನೊಂದು ಮಾತು ಸೇರಿಸುತ್ತಿದ್ದೆ: ಕೊಳ್ಳುವ ಮೊದಲು ಒಮ್ಮೆ ಬಾಗಿಲ ಹೊರಗೆ ನೋಡಿ, ನಿಮಗೇ ಗೊತ್ತಿಲ್ಲದಂತೆ ಯಾರಾದರೂ ಕೂತಿರಬಹುದು.

ಆಗಾಗ ಕಪಾಟು ತೆರೆದು ನನಗೆ ಎಣ್ಣೆ ಸವರುತ್ತಾರೆ. ಹಿಂಬದಿಯ ಗೀರಿನಲ್ಲಿ ಆ ಕುಂಕುಮ ಇನ್ನೂ ಕೂತಿದೆ. ಸಾಹೇಬರು ಅದಕ್ಕೆ ಬಟ್ಟೆ ತಾಗಿಸುವುದಿಲ್ಲ.