ಬಿಳಿ ಚೌಕಗಳು

ಬಚ್ಚಲಿನ ಸಿಂಕಿಗೆ ಪುಡಿ ಉದುರಿಸಿ ಉಜ್ಜುತ್ತಲೇ ಅವಳು ದಂತವೈದ್ಯೆಯನ್ನು ಮತ್ತೊಮ್ಮೆ ಬೈದು ಮುಗಿಸಿದಳು.

"ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಅಂದ್ರೆ ಇದೇ. ಹಲ್ಲು ನೆಟ್ಟಗಾಗ್ಲಿ ಅಂತ ತಂತಿ ಕಟ್ಟಿದ್ದು ಅವಳೇ, ತೆಗೆದಾಗ ಹಲ್ಲಿನ ಮೇಲೆ ಬಿಳಿ ಚೌಕ ಉಳಿಸಿದ್ದೂ ಅವಳೇ. ಈಗ ಅಳಿಸೋಕೂ ಅವಳ ಹತ್ರಾನೇ ಹೋಗ್ಬೇಕಂತೆ."

"ಬಿಡಮ್ಮ," ಎಂದಳು ಬಾಗಿಲಲ್ಲಿ ನಿಂತ ಮಗಳು, ಬಾಯಿಗೆ ಅಂಗೈ ಅಡ್ಡ ಹಿಡಿದು. ತಂತಿ ತೆಗೆಸಿದಾಗಿನಿಂದ ಅವಳ ಮಾತೆಲ್ಲ ಹೀಗೆಯೇ. ಶಾಲೆಯ ನಾಟಕದಲ್ಲಿ ಸಿಕ್ಕಿದ್ದ ಪಾತ್ರವನ್ನೂ ಬಿಟ್ಟುಕೊಟ್ಟು ಬಂದಿದ್ದಳು.

ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳ ಲೋಪ ಹುಡುಕುವುದು ತಾಯಿಯ ಕೆಲಸ. ನಿನಗೆ ಅನುಮಾನಕ್ಕೇ ಸಂಬಳ ಎಂದು ಗಂಡ ಚುಡಾಯಿಸುತ್ತಿದ್ದ. ಕ್ಲಿನಿಕ್ಕಿನಲ್ಲಿ ವೈದ್ಯೆ ಗಾಳಿ ಊದಿ ಮಗಳ ಹಲ್ಲು ಒಣಗಿಸಿದಾಗ ಕಲೆಗಳು ಸುಣ್ಣ ಬಳಿದಂತೆ ಎದ್ದು ಕಂಡದ್ದೇ ಅವಳಿಗೆ ಕಣ್ಕಟ್ಟು ಅನ್ನಿಸಿತ್ತು. ಮೇಲಾಗಿ ಆ ನಯವಾದ ಮಾತು: "ಕೊರೆಯಲ್ಲ, ಚುಚ್ಚಲ್ಲ. ಒಂದು ದ್ರವ ಹಚ್ತೀವಿ, ಹಲ್ಲು ಹೀರ್ಕೊಳ್ಳುತ್ತೆ, ಬೆಳಕು ಹಿಡಿದ್ರೆ ಗಟ್ಟಿಯಾಗುತ್ತೆ. ಕಲೆ ಮಾಸುತ್ತೆ." ಅಷ್ಟು ಸಲೀಸಾಗಿದ್ದರೆ ಅದರಲ್ಲಿ ಏನೋ ಇರಲೇಬೇಕು. ಕೊನೆಗೆ, "ತಂತಿ ಇದ್ದಾಗ ಸರಿಯಾಗಿ ಉಜ್ಜಿಲ್ಲ," ಎಂದು ವೈದ್ಯೆ ಹೇಳಿದಾಗ ತಾಯಿ ಎದ್ದೇ ನಿಂತಿದ್ದಳು.

"ನನ್ನ ಮಗಳು ದಿನಾ ಎರಡು ಹೊತ್ತು ಉಜ್ತಾಳೆ. ನಿಮ್ಮ ತಪ್ಪನ್ನ ಅವಳ ತಲೆಗೆ ಕಟ್ಬೇಡಿ."

ಮಗಳು ನೆಲ ನೋಡುತ್ತ ಕೂತಿದ್ದಳು.

ಸಿಂಕು ಮುಗಿಸಿ, ಬ್ರಷ್ ಇಡುವ ಲೋಟ ತೊಳೆಯಲೆಂದು ಅದರಲ್ಲಿದ್ದ ತನ್ನದನ್ನೂ ಮಗಳದನ್ನೂ ಹೊರತೆಗೆದಳು. ಒಂದೇ ದಿನ ಕೊಂಡವು. ತನ್ನದರ ಎಳೆಗಳು ಹಳೇ ಪೊರಕೆಯಂತೆ ಕೆದರಿದ್ದವು. ತಂತಿಗೆ ತಿಕ್ಕಿ ಇನ್ನೂ ಹೆಚ್ಚು ಸವೆಯಬೇಕಿದ್ದ ಮಗಳದು ಈಗಷ್ಟೇ ಅಂಗಡಿಯಿಂದ ತಂದಂತೆ ನೆಟ್ಟಗಿತ್ತು. ಮೂಸಿದಳು. ಪೇಸ್ಟಿನ ವಾಸನೆಯೇ ಇಲ್ಲ, ಬರೀ ಒದ್ದೆ.

ದಿನಾ ಮುಚ್ಚಿದ ಬಾಗಿಲಾಚೆ ನಲ್ಲಿ ಸುರಿಯುವ ಸದ್ದು ಕೇಳಿಯೇ ತಾನು ನೆಮ್ಮದಿಯಾಗಿದ್ದದ್ದು.

"ಏನಮ್ಮ ನೋಡ್ತಿದ್ದೀಯ?" ಮಗಳ ದನಿ ಸಣ್ಣಗಾಗಿತ್ತು.

"ಲೋಟ ಪಾಚಿ ಕಟ್ಟಿದೆ." ಬ್ರಷ್‌ಗಳನ್ನು ಪಕ್ಕಕ್ಕಿಟ್ಟಳು. "ಶನಿವಾರ ಬರ್ತೀವಿ ಅಂತ ಆ ಡಾಕ್ಟರಿಗೆ ಫೋನ್ ಮಾಡ್ತೀನಿ."

"ಮೋಸ ಮಾಡ್ತಾರೆ ಅಂದ್ಯಲ್ಲ?"

"ಅಂದೆ. ಬಾಯಿ ಇದೆಯಲ್ಲ, ಅಂದೆ."

ಊಟವಾದ ಮೇಲೆ ಮಗಳು ಬಚ್ಚಲಿಗೆ ಹೋದಾಗ, ಬಾಗಿಲು ಮುಚ್ಚುವ ಮೊದಲೇ ತಾಯಿಯೂ ಒಳಹೊಕ್ಕಳು. ಇನ್ನು ದಿನಾ ಹೀಗೇ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಯಾಗಿತ್ತು. ಯಾಕೆಂದು ಗಂಡನಿಗೂ ಹೇಳುವವಳಲ್ಲ.

"ಸ್ವಲ್ಪ ಸರ್ಕೋ, ನಂಗೂ ನಿದ್ದೆ ಬರ್ತಿದೆ," ಎಂದು ಎರಡೂ ಬ್ರಷ್‌ಗಳಿಗೆ ತಾನೇ ಪೇಸ್ಟ್ ಹಚ್ಚಿದಳು.

ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಇಬ್ಬರೂ ಉಜ್ಜತೊಡಗಿದರು. ಇಬ್ಬರ ಬಾಯಲ್ಲೂ ನೊರೆ ತುಂಬಿತ್ತು.