ಅಂಚು ಮುಟ್ಟಿದ ಚಹಾ

ಚಹಾ ಬಟ್ಟಲ ಅರ್ಧಕ್ಕೆ ಬಂತು, ಇನ್ನು ಅತ್ತೆ ಕೈ ತಡೆಯುತ್ತಾರೆ ಎಂದುಕೊಂಡಳು ಬಾರ್ನೋ, ತಡೆಯಲಿಲ್ಲ, ಏರುತ್ತಲೇ ಇದೆ, ಅಂಚು ಮುಟ್ಟಿತು — ಅಯ್ಯೋ, ಇದೇನು, ಉಜ್ಬೇಕರ ಈ ಕೋಕಂದ್ ಊರಿನಲ್ಲಿ ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೊರಡು ಎಂದಲ್ಲವೇ, ಇರಬೇಕಾದವರಿಗೆ ಅರ್ಧವೇ ಬಗ್ಗಿಸುವುದು, ಮತ್ತೆ ಮತ್ತೆ ಬಗ್ಗಿಸುವುದು, ಕಲಿಸಿದವರೂ ಇದೇ ಅತ್ತೆ, ಮದುವೆಯಾದ ಹೊಸತರಲ್ಲಿ ದೊಡ್ಡಮಾವನಿಗೆ ಇವಳು ಭಕ್ತಿಯಿಂದ ಕಂಠಮಟ್ಟ ತುಂಬಿಸಿ ಕೊಟ್ಟಿದ್ದಳು, ಮುದುಕ ಟೋಪಿ ಸರಿಮಾಡಿಕೊಂಡು ಎದ್ದೇಬಿಟ್ಟ, ಇವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು, ಅತ್ತೆ ಬಿದ್ದು ಬಿದ್ದು ನಕ್ಕು, ಕೂತ್ಕೊಳ್ಳಿ ಭಾವ, ಪಾಪ ಮಷೀನ್ ರಿಪೇರಿ ಮಾಡೋ ಹುಡುಗಿ, ಟ್ಯಾಂಕ್ ತುಂಬಿಸ್ದಂಗೆ ತುಂಬಿಸ್ಬಿಟ್ಟಿದೆ — ಎಷ್ಟು ಚೆನ್ನಾಗಿತ್ತು ಆ ನಗು, ಮಾನ ಉಳಿಸಿದ ನಗು.

ಮಷೀನ್ ಹುಡುಗಿ, ಕಾಲೇಜಿನಲ್ಲೇ ಅಂಟಿಕೊಂಡ ಹೆಸರು, ಆಸ್ಪತ್ರೆ ಯಂತ್ರಗಳ ಬಯೋಮೆಡಿಕಲ್ ತರಗತಿಗೆ ಒಬ್ಬಳೇ ಹುಡುಗಿ, ಬೆಸುಗೆಯ ಹೊಗೆಗೆ ಕಣ್ಣುರಿ, ಆದರೂ ಆ ವಾಸನೆಯೆಂದರೆ ಪ್ರಾಣ, ಆಮೇಲೆ ಇಲ್ಲಿಯ ಹೆರಿಗೆ ಆಸ್ಪತ್ರೆ, ಮೊದಲ ದಿನ ದೊಡ್ಡ ಡಾಕ್ಟರು, ನರ್ಸ್‌ಗಳ ಕೋಣೆ ಆ ಕಡೆ ಕಣಮ್ಮ, ನಾನು ಎಂಜಿನಿಯರ್ ಸಾರ್, ಓಹೋ, ಹಾಗಾದ್ರೆ ಈ ಪೆಟ್ಟಿಗೆ ಬೆಚ್ಚಗೆ ಮಾಡಿ ತೋರಿಸು — ದಿನ ತುಂಬದ ಕೂಸುಗಳನ್ನು ಮಲಗಿಸುವ ಗಾಜಿನ ಪೆಟ್ಟಿಗೆ, ಬಿಚ್ಚಿದಳು, ತಂತಿ ಬದಲಿಸಿದಳು, ಒಳಗೆ ಕೈ ಇಟ್ಟಾಗ ಬಂದ ಆ ಬಿಸುಪು, ಸಂಜೆಗೆ ಕೂಸಿನ ನೀಲಿ ಬೆರಳುಗಳು ಕೆಂಪಗಾದವು, ಅಂಥ ಸಂತೋಷ ಮತ್ತೆ ಆಗಲೇ ಇಲ್ಲ. ಬೀದಿಯ ಹೆಂಗಸರು, ಸೊಸೆ ಅಂದ್ರೆ ಬೆಳಿಗ್ಗೆ ಎದ್ದು ಅಂಗಳ ಗುಡಿಸ್ಬೇಕು, ಆಸ್ಪತ್ರೆ ಡಬ್ಬ ಬಿಚ್ಚೋದಾ, ಅತ್ತೆ ಸೊಂಟಕ್ಕೆ ಕೈಯಿಟ್ಟು, ನಿಮ್ಮ ಮೊಮ್ಮಗು ನೀಲಿ ತಿರುಗಿದಾಗ ಪೊರಕೆ ಹಿಡ್ಕೊಂಡೇ ಓಡಿ ಕಣ್ರೇ.

ಅದೇ ಅತ್ತೆ ಈಗ ಮಾತು ಬಿಟ್ಟಿದ್ದಾರೆ, ತಾಷ್ಕೆಂಟಿನ ಮಕ್ಕಳ ಹೃದಯದ ಆಸ್ಪತ್ರೆ ಕೆಲಸಕ್ಕೆ ಕರೆದಾಗಿನಿಂದ, ಇವತ್ತೇ ರೈಲು ಹತ್ತಬೇಕು, ಇಲ್ಲವೇ ಬರಲಾರೆ ಎನ್ನಬೇಕು, ಗಂಡನೋ, ಅಮ್ಮ ಹೂಂ ಅಂದ್ರೆ ಹೋಗು, ನಾನೂ ಆಮೇಲೆ ಬರ್ತೀನಿ ಎಂದು ಜಾರಿಕೊಂಡ, ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಬಟ್ಟಲು ತುಂಬಿಸಿದರು — ಮನೆಯಿಂದ ಅಟ್ಟುತ್ತಿದ್ದಾರೆಯೇ, ಸಿಟ್ಟೇ, ತಲೆಯೆತ್ತಿ ನೋಡಿದರೆ ಆ ಗಟ್ಟಿಗಿತ್ತಿಯ ಗಲ್ಲ ನಡುಗುತ್ತಿದೆ, ಏನು ನೋಡ್ತಾ ಕೂತೆ, ಕುಡಿ ಮಗಳೇ, ರೈಲು ನಿಮ್ಮಪ್ಪಂದಾ ಕಾಯೋಕೆ, ಓಹ್, ಅಟ್ಟುವುದಲ್ಲ ಇದು, ಬಾಯಲ್ಲಿ ಹೋಗು ಎನ್ನಲಾರದೆ ಕೈಯಲ್ಲಿ ಹೇಳಿದ್ದು, ಇಷ್ಟು ತುಂಬಿದ್ದನ್ನು ಎತ್ತಲಾಗದು, ಬಾಗಿ ತುಟಿ ಹಚ್ಚಬೇಕು, ಹೀರಿದರೆ ಖಾಲಿಯಾಗುತ್ತದೆ, ಖಾಲಿಯಾದರೆ ಏಳಬೇಕು, ಅತ್ತೆಯನ್ನು ಬಿಟ್ಟು ಏಳಬೇಕು — ಅಂಚಿನಲ್ಲಿ ಚಹಾ ನಡುಗುತ್ತಿದೆ, ಚೆಲ್ಲುತ್ತಿಲ್ಲ, ನಡುಗುತ್ತಿದೆ