ಜುಂಜಮ್ಮನ ತವರಿನವರು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸೌಂದರ್ಯ ಕೊಂಡ್ಲಹಳ್ಳಿಯಲ್ಲಿ ಕೆಳಗೆ ಜಿಗಿದಳು. ಎದೆಗವಚಿಕೊಂಡ ಚೀಲದಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆಯಿತ್ತು. ಅವಳ ಹಿಂದೆ ಮಾರುತೇಶ, ಅವನ ಹಿಂದೆ ವಿಶ್ವವಿದ್ಯಾಲಯದ ಗೆಳೆಯರ ಗುಂಪು. ಹೆಣ ಎತ್ತಿಬಿಟ್ಟರೇನೋ ಎಂಬ ದಿಗಿಲಿಗೆ ಎಲ್ಲರೂ ಓಡತೊಡಗಿದರು.

ತವರಿನವರು ಸೀರೆ ಹೊದಿಸದೆ ಹೆಂಗಸಿನ ಹೆಣ ಎತ್ತುವಂತಿಲ್ಲ. ತೀರಿಕೊಂಡ ಜುಂಜಮ್ಮ ಅವರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳು; ಅವಳಿಗೆ ತವರಿನ ಕಡೆ ಯಾರೂ ಉಳಿದಿರಲಿಲ್ಲ. ಮಗಳು ಲಕ್ಷ್ಮೀದೇವಿ ಬೆಳಿಗ್ಗೆ ಫೋನಿನಲ್ಲಿ ಅಳುತ್ತ ಇದನ್ನು ಹೇಳಿದಾಗ, ನಾವು ತರುತ್ತೇವೆ ಎಂದು ಸೌಂದರ್ಯಳ ಬಾಯಿಂದ ಬಂದುಬಿಟ್ಟಿತ್ತು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ತನ್ನನ್ನು ನೋಡಿ ಊರವರು ಸೀರೆ ಬೇಡವೆಂದುಬಿಟ್ಟರೆ?

ಜುಂಜಮ್ಮನ ಮನೆಯಂಗಳದಲ್ಲಿ ಹೆಣ ಇನ್ನೂ ಎತ್ತಿರಲಿಲ್ಲ. ಊರ ಹಿರಿಯ ಮೂಡಲಗಿರಿಯಪ್ಪ ಸೌಂದರ್ಯಳ ಗಂಟಲು, ಅಗಲವಾದ ಅಂಗೈ, ಚೂಡಿದಾರ ಎಲ್ಲವನ್ನೂ ನಿಧಾನವಾಗಿ ನೋಡಿದ.

"ಗಂಡೋ ಹೆಣ್ಣೋ, ಒಂದೂ ಗೊತ್ತಾಗ್ತಿಲ್ಲ."

"ಹೆಣ್ಣೇ ಕಣಜ್ಜ," ಎಂದಳು ಸೌಂದರ್ಯ. " ಜುಂಜವ್ವನ ತವರಿನವಳು."

* * *

ವಿಶ್ವವಿದ್ಯಾಲಯ ಸೇರಿದಾಗ ದಾಖಲೆಯಲ್ಲಿ ಗಂಡು ಎಂದಿದ್ದುದಕ್ಕೆ ಸೌಂದರ್ಯಳಿಗೆ ಹುಡುಗರ ಹಾಸ್ಟೆಲ್ ಸಿಕ್ಕಿತ್ತು. ಯಾರೋ ಚಿಲಕ ಕಿತ್ತಿಟ್ಟ ಬಚ್ಚಲಿಗೆ ಹೋಗಲು ಹೆದರಿ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಒಣಗಿದ ತುಟಿ ಕಂಡು ಜುಂಜಮ್ಮ ಬಿಡದೆ ಕೇಳಿ ತಿಳಿದುಕೊಂಡು, ಅಡುಗೆಮನೆ ಹಿಂದಿನ ತನ್ನ ಕೋಣೆಯ ಬೀಗದ ಕೈ ಕೊಟ್ಟಳು. ಹುಡುಗನನ್ನು ಪ್ರೀತಿಸಿದನೆಂದು ಮಾರುತೇಶನ ಹಾಸಿಗೆಯನ್ನು ರೂಮಿನವರು ಹೊರಗೆಸೆದಾಗ ಅವನೂ ಅಲ್ಲಿಗೇ ಬಂದ.

ಮರುದಿನ ಜುಂಜಮ್ಮ ಸೌಟು ಹಿಡಿದೇ ವಾರ್ಡನ್ ಬಾಗಿಲಲ್ಲಿ ಕೂತಳು.

"ಈ ಮಕ್ಳಿಗೆ ಚಿಲಕ ಇರೋ ರೂಮು ಕೊಡೋಗಂಟ ಒಲೆ ಹಚ್ಚಲ್ಲ ಸಾರ್."

ಮಧ್ಯಾಹ್ನ ಹಸಿದವರ ಗಲಾಟೆ ಎದ್ದಿತು. ಸಂಜೆಗೆ ರೂಮು ಸಿಕ್ಕಿತು.

* * *

ಅಂಗಳದಲ್ಲಿ ಲಕ್ಷ್ಮೀದೇವಿ ಚೆಂಬಿನಲ್ಲಿ ನೀರು ತಂದು, ತವರಿನಿಂದ ಬಂದವರಿಗೆ ಹಾಕುವಂತೆ ಸೌಂದರ್ಯಳ ಕಾಲಿಗೆ ಹಾಕಿದಳು. ಮಗಳೇ ಒಪ್ಪಿದ ಮೇಲೆ ತನ್ನದೇನೈತೆ ಎನ್ನುತ್ತ ಮೂಡಲಗಿರಿಯಪ್ಪ ದಾರಿ ಬಿಟ್ಟ.

ಒಪ್ಪಿಕೊಂಡರೆಂಬ ಹಿಗ್ಗಿಗೆ ಸೌಂದರ್ಯಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಚೀಲದಿಂದ ಸೀರೆ ತೆಗೆದಳು, ಹೂವು ತೆಗೆದಳು, ಕೊನೆಗೆ ಹಸಿರು ಬಳೆಗಳನ್ನೂ ತೆಗೆದಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜುಂಜಮ್ಮನ ನಾದಿನಿ, ಮುದುಕಿ ಕೆಂಚಕ್ಕ ಬಳೆಗಳನ್ನು ಪಕ್ಕಕ್ಕೆ ಸರಿಸಿದಳು.

"ಗಂಡ ಸತ್ತೋಳಿಗೆ ಬಳೆ ತಂದ್ಯೇನೇ? ನಮ್ಮತ್ತಿಗೆ ಬಳೆ ಒಡೆದು ಎಷ್ಟು ಕಾಲ ಆತು."

"ಹಾಸ್ಟೆಲ್‌ನಾಗೆ ದಿನಾ ಹಾಕ್ಕೊಂತಿತ್ತಲ್ಲ ಅಜ್ಜಿ!"

ಅಂದ ಮೇಲೆ ಸೌಂದರ್ಯ ನಾಲಿಗೆ ಕಚ್ಚಿಕೊಂಡಳು. ಮನೆಗೆ ಹೋಗುವಾಗ ತಾನು ದೇವಸಮುದ್ರದ ಬಸ್ಸು ಹತ್ತುವ ಮುಂಚೆ ಚೂಡಿದಾರ ಬಿಚ್ಚಿ ಪ್ಯಾಂಟು ತೊಡುವ ಹಾಗೆ, ಜುಂಜವ್ವನೂ ಊರಿಗೆ ಬರುವಾಗ ಎಲ್ಲೋ ಕೂತು ಬಳೆ ಕಳಚುತ್ತಿದ್ದಿರಬೇಕು. ಅದನ್ನು ಇಡೀ ಊರಿನ ಮುಂದೆ ಹೇಳಿಬಿಟ್ಟೆನಲ್ಲ.

ಲಕ್ಷ್ಮೀದೇವಿ ತಾಯಿಯ ಮುಖ ನೋಡಿದಳು. ಅಳುವಿನ ನಡುವೆಯೇ ನಗು ಬಂತು.

"ಚೆಂದ ಕಾಣ್ತಿತ್ತಾ ನಮ್ಮವ್ವ?"

"ಭಾಳ ಚೆಂದ."

"ಹಂಗಾರೆ ಹಾಕು."

ಸೀರೆ ಹೊದಿಸಿ ಸೌಂದರ್ಯ ಬಳೆ ತೊಡಿಸಹೋದಳು. ಸೆಟೆದ ಕೈಗೆ ಬಳೆ ಏರಲಿಲ್ಲ. ಒಂದು ಒಡೆಯಿತು, ಇನ್ನೊಂದೂ ಒಡೆಯಿತು. ಅವಳು ಮೂರನೆಯದನ್ನು ಕೈಗೆತ್ತಿಕೊಂಡಳು.

"ಅತ್ಲಾಗೆ ಸರಿಯೇ. ಹಂಗಲ್ಲ ಅದು."

ಕೆಂಚಕ್ಕ ತನ್ನ ಬೋಳು ಕೈಗಳಿಗೆ ಎಣ್ಣೆ ಸವರಿಕೊಂಡು ಅತ್ತಿಗೆಯ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ಒತ್ತಿದಳು. ಬಳೆಗಳು ಒಂದೊಂದಾಗಿ ಜಾರಿ ಮಣಿಕಟ್ಟಿಗೆ ಇಳಿದವು.